ಕ್ಯಾರಿಯರ್‌ಗೂ ಸೈ, ಬೆನ್ನಿಗೂ ಸೈ: ಇಂಥ ಸೈಕಲ್ ಬ್ಯಾಗ್ ಆರಿಸೋದು ಹೇಗೆ?

ಎರಡುಗಾಲಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಕೇಳುತ್ತಿರುವುದು ಇದೇ ಮೊದಲು.

ಮನೆಯಿಂದ ಆಫೀಸಿಗೆ 9 ಕಿಲೋಮೀಟರ್. ಎಂಟು ತಿಂಗಳಿಂದ ಸೈಕಲ್ಲಲ್ಲೇ ಹೋಗಿ ಬರುತ್ತಿದ್ದೇನೆ. ಇಷ್ಟು ದಿನ ಮಾಮೂಲಿ ಬ್ಯಾಕ್‌ಪ್ಯಾಕ್ ಬೆನ್ನಿಗೇರಿಸಿಕೊಂಡು ಓಡಾಡಿದೆ. ಒಳಗೆ ಲ್ಯಾಪ್‌ಟಾಪ್, ಚಾರ್ಜರ್, ಊಟದ ಡಬ್ಬಿ, ಒಂದು ಜೊತೆ ಬಟ್ಟೆ, ನೀರಿನ ಬಾಟಲಿ. ತೂಗಿ ನೋಡಿದೆ, 6 ಕೆಜಿ ಚಿಲ್ಲರೆ. ಆಫೀಸ್ ಮುಟ್ಟುವಷ್ಟರಲ್ಲಿ ಬ್ಯಾಗ್ ಒತ್ತಿಕೊಂಡಿದ್ದ ಜಾಗದಲ್ಲಿ ಅಂಗಿ ತೊಯ್ದು ತೊಪ್ಪೆಯಾಗಿರುತ್ತದೆ. ಸಂಜೆ ಹೊತ್ತಿಗೆ ಎಡ ಭುಜ ಹಿಡಿದುಕೊಂಡಿರುತ್ತದೆ.

ಈಗ ಹಿಂದೆ ಕ್ಯಾರಿಯರ್ ಹಾಕಿಸಿದ್ದೇನೆ. ಪ್ಯಾನಿಯರ್, ಅಂದ್ರೆ ಕ್ಯಾರಿಯರ್ ಪಕ್ಕಕ್ಕೆ ಹುಕ್‌ನಲ್ಲಿ ನೇತುಹಾಕುವ ಚೀಲ, ತಗೊಳ್ಳೋಣ ಅಂತ ಹೊರಟರೆ ಇನ್ನೊಂದು ತೊಡಕು. ಸೈಕಲ್ ನಿಲ್ಲಿಸುವ ಜಾಗದಿಂದ ನನ್ನ ಮೇಜಿನವರೆಗೆ ಹತ್ತು ನಿಮಿಷ ನಡೆಯಬೇಕು, ಅದರಲ್ಲಿ ನಾಲ್ಕು ಮಹಡಿ ಮೆಟ್ಟಿಲು. ಬರುವಾಗ ಅಂಗಡಿಗೆ ಹೋಗಿ ತರಕಾರಿ, ಹಾಲು, ಒಮ್ಮೊಮ್ಮೆ ಔಷಧಿ. ಪ್ಯಾನಿಯರನ್ನು ಕೈಯಲ್ಲಿ ಜೋತಾಡಿಸಿಕೊಂಡು ಇದೆಲ್ಲ ಆಗುವ ಮಾತಲ್ಲ. ಅದಕ್ಕೇ ಕ್ಯಾರಿಯರ್‌ಗೆ ಸಿಕ್ಕಿಸಲೂ ಬರುವ, ಇಳಿದ ಮೇಲೆ ಬೆನ್ನಿಗೆ ಹಾಕಿಕೊಳ್ಳಲೂ ಬರುವ ಬ್ಯಾಗ್ ಹುಡುಕುತ್ತಿದ್ದೇನೆ.

ನನ್ನ ಅನುಮಾನಗಳು ಇಷ್ಟು. ಹುಕ್‌ಗಳು ಬೆನ್ನಿಗೆ ಚುಚ್ಚುವುದಿಲ್ವಾ? ನನ್ನದು ದೊಡ್ಡ ಪಾದ, ಪೆಡಲ್ ತುಳಿಯುವಾಗ ಹಿಮ್ಮಡಿ ತಾಗುತ್ತದಾ? ಎಷ್ಟು ಲೀಟರ್ ಬೇಕು? ಮಳೆಗೆ ನಂಬಬಹುದಾ? ವರ್ಷಗಟ್ಟಲೆ ಬಳಸಿದವರು ದಯವಿಟ್ಟು ಹೇಳಿ. ಜಾಹೀರಾತುಗಳನ್ನು ಓದಿ ಓದಿ ಸಾಕಾಗಿದೆ.

ಇಳಿಜಾರು

ಎರಡು ದೋಣಿಯಲ್ಲಿ ಕಾಲಿಡಬೇಡಿ. ಒಳ್ಳೆ ಪ್ಯಾನಿಯರ್ ಒಂದು, ಅದರೊಳಗೆ ಮಡಚಿಡುವ ತೆಳು ಬ್ಯಾಕ್‌ಪ್ಯಾಕ್ ಒಂದು. ಕೆಲಸ ಮುಗೀತು.

ನಿಧಾನಸವಾರ

@ಇಳಿಜಾರು, ಅವರು ದಿನಕ್ಕೆ ಎರಡು ಸಲ ಹತ್ತತ್ತು ನಿಮಿಷ ನಡೆಯುತ್ತಾರೆ. ಸ್ಟ್ಯಾಂಡ್ ಹತ್ತಿರ ನಿಂತು ದಿನಾ ಲ್ಯಾಪ್‌ಟಾಪ್, ಡಬ್ಬಿ, ಬಟ್ಟೆ ಎಲ್ಲ ಒಂದರಿಂದ ಇನ್ನೊಂದಕ್ಕೆ ತುಂಬಬೇಕಾ? ಮಳೆಯಲ್ಲೂ? ನಾನು ಒಂದು ವರ್ಷ ಹಾಗೇ ಮಾಡಿದೆ. ಚಾರ್ಜರ್ ಒಂದರಲ್ಲಿ ಉಳಿದಿರುತ್ತಿತ್ತು, ಕೀ ಗೊಂಚಲು ಇನ್ನೊಂದರಲ್ಲಿ. ಎರಡೂ ಕೆಲಸದ ಬ್ಯಾಗ್ ಬಂದ ಮೇಲೆ ಆ ಪರದಾಟ ತಪ್ಪಿತು.

ಎರಡುಗಾಲಿ ಅವರೇ, ಮೊದಲು ಒಂದು ಲೆಕ್ಕ ಹಾಕಿ. ಬ್ಯಾಗ್ ದಿನಕ್ಕೆ ಎಷ್ಟು ಹೊತ್ತು ಕ್ಯಾರಿಯರ್ ಮೇಲಿರುತ್ತದೆ, ಎಷ್ಟು ಹೊತ್ತು ಬೆನ್ನ ಮೇಲಿರುತ್ತದೆ? ಇಳಿದು ಎರಡು ನಿಮಿಷ ನಡೆಯುವವರಿಗೆ ಭುಜದ ಪಟ್ಟಿ ಹೇಗಿದ್ದರೂ ನಡೆಯುತ್ತದೆ. ನಿಮಗೆ ಹಾಗಲ್ಲ. ಈ ಬ್ಯಾಗ್‌ಗಳು ಒಂದೋ ಬ್ಯಾಕ್‌ಪ್ಯಾಕ್ ಆಗಿ ಹುಟ್ಟಿ ಆಮೇಲೆ ಹುಕ್ ಹಾಕಿಸಿಕೊಂಡವು, ಇಲ್ಲವೇ ಪ್ಯಾನಿಯರ್ ಆಗಿ ಹುಟ್ಟಿ ಆಮೇಲೆ ಪಟ್ಟಿ ಹಾಕಿಸಿಕೊಂಡವು. ಯಾವುದು ಯಾವ ಜಾತಿ ಅಂತ ಬೆನ್ನಿಗೆ ಹಾಕಿಕೊಂಡ ಕೂಡಲೇ ಗೊತ್ತಾಗುತ್ತದೆ. ಖಾಲಿ ಬ್ಯಾಗ್ ಹಾಕಿ ನೋಡಬೇಡಿ. ನಿಮ್ಮ 6 ಕೆಜಿ ತುಂಬಿ, ಮೆಟ್ಟಿಲು ಹತ್ತಿ ನೋಡಿ.

ಮಳೆಹನಿ

ಹುಕ್ ಚುಚ್ಚುವ ವಿಷಯಕ್ಕೆ ಬರ್ತೀನಿ, ಇದೇ ಮುಖ್ಯ ಪ್ರಶ್ನೆ. ಮೂರು ಥರದ ಬ್ಯಾಗ್ ಬಳಸಿದ್ದೇನೆ.

ಮೊದಲನೇ ಥರದಲ್ಲಿ ಹುಕ್ ಒಂದು ಮೈಗೆ, ಭುಜದ ಪಟ್ಟಿ ಅದರ ಎದುರು ಮೈಗೆ. ಬೆನ್ನಿಗೆ ಹಾಕಿಕೊಂಡಾಗ ಹುಕ್ ಹೊರಗಡೆ ಇರುತ್ತದೆ, ಚುಚ್ಚುವ ಪ್ರಶ್ನೆಯೇ ಇಲ್ಲ. ಆದರೆ ಕ್ಯಾರಿಯರ್‌ಗೆ ಹಾಕಿದಾಗ ಪಟ್ಟಿ ಮತ್ತು ಬೆನ್ನಿಗೆ ತಾಗುವ ಮೆತ್ತೆ ರಸ್ತೆ ಕಡೆಗೆ ತೆರೆದುಕೊಂಡಿರುತ್ತವೆ. ಕೆಸರು, ಧೂಳು, ಮಳೆ ಎಲ್ಲ ಅವಕ್ಕೇ. ಆ ಒದ್ದೆ ಮೆತ್ತೆಯನ್ನು ಆಮೇಲೆ ಒಣ ಅಂಗಿಯ ಮೇಲೆ ಹಾಕಿಕೊಳ್ಳಬೇಕು. ಓರ್ಟ್‌ಲೀಬ್ ಅನ್ನುವ ಬ್ಯಾಗ್ ಕಂಪನಿಯವರ ವೇರಿಯೋದಂಥ ಬ್ಯಾಗಿನಲ್ಲಿ ಇದಕ್ಕೇ ಅಂತ ಒಂದು ಹೊದಿಕೆ ಕೊಟ್ಟಿರುತ್ತಾರೆ. ಅದನ್ನು ಎಳೆದು ಮುಚ್ಚಿದರೆ ಪಟ್ಟಿ ಸುರಕ್ಷಿತ.

ಎರಡನೇ ಥರದಲ್ಲಿ ಎರಡೂ ಒಂದೇ ಮೈಗೆ. ಮೇಲೆ ಜಿಪ್ ಅಥವಾ ವೆಲ್ಕ್ರೋ ಇರುವ ಒಂದು ಮಡಿಕೆ. ಸೈಕಲ್ ಮೇಲಿದ್ದಾಗ ಆ ಮಡಿಕೆಯಲ್ಲಿ ಪಟ್ಟಿ ಅಡಗುತ್ತದೆ. ಬೆನ್ನ ಮೇಲಿದ್ದಾಗ ಅದೇ ಮಡಿಕೆಯನ್ನು ತಿರುವಿ ಹುಕ್ ಮುಚ್ಚಬೇಕು. ಪಟ್ಟಿ ಒಣಗಿರುತ್ತದೆ. ಆದರೆ ಮಡಿಕೆ ತೆಳುವಾಗಿದ್ದರೆ ಹುಕ್ಕಿನ ಗಂಟು ಸರಿಯಾಗಿ ಭುಜದ ಮೂಳೆಗಳ ನಡುವೆ ಒತ್ತುತ್ತದೆ. ನನ್ನ ಮೊದಲ ಬ್ಯಾಗ್ ಹಾಗೇ ಇತ್ತು. ಹತ್ತು ನಿಮಿಷಕ್ಕೆ ಏನೂ ಅನ್ನಿಸುತ್ತಿರಲಿಲ್ಲ, ಅರ್ಧ ಗಂಟೆಗೆ ಎರಡು ಕೆಂಪು ಗುರುತು ಬೀಳುತ್ತಿತ್ತು.

ಮೂರನೇ ಥರದಲ್ಲಿ ದೊಡ್ಡ ಯಂತ್ರಾಂಗವೆಲ್ಲ ಕ್ಯಾರಿಯರ್‌ನಲ್ಲೇ ಉಳಿಯುತ್ತದೆ. ಕ್ಯಾರಿಯರ್‌ಗೆ ಒಂದು ಗಟ್ಟಿ ಅಡ್ಡಪಟ್ಟಿ ಬಿಗಿದಿರುತ್ತಾರೆ, ಬ್ಯಾಗಿನ ಮೇಲೆ ಸಣ್ಣ ಗುಬಟು ಮಾತ್ರ. ಬೆನ್ನಿಗೆ ಏನೂ ತಾಗುವುದಿಲ್ಲ. ಆದರೆ ಮನೆಯಲ್ಲಿ ಎರಡು ಸೈಕಲ್ ಇದ್ದರೆ ಎರಡಕ್ಕೂ ಆ ಅಡ್ಡಪಟ್ಟಿ ಕೊಂಡು ಹಾಕಿಸಬೇಕು.

ಈಗ ನಾನು ಬಳಸುತ್ತಿರುವುದು ಎರಡನೇ ಥರದ್ದೇ, ಆದರೆ ದಪ್ಪ ಮಡಿಕೆ ಇರುವುದು. ಕೊಳ್ಳುವ ಮುಂಚೆ ಮಡಿಕೆಯ ಮೇಲೆ ಹೆಬ್ಬೆರಳಿಟ್ಟು ಬಲವಾಗಿ ಒತ್ತಿ ನೋಡಿ. ಹುಕ್ಕಿನ ಅಂಚು ಬೆರಳಿಗೆ ಸಿಕ್ಕರೆ ಬೆನ್ನಿಗೂ ಸಿಗುತ್ತದೆ.

ಕಡ್ಡಿಎಣಿಕೆ

ಮಳೆಹನಿ ಹೇಳಿದ್ದಕ್ಕೆ ಒಂದು ಮಾತು ಸೇರಿಸಲೇಬೇಕು. ಪಟ್ಟಿ ಕೊಳೆಯಾಗುವುದು ದೊಡ್ಡದಲ್ಲ. ಪಟ್ಟಿ ಚಕ್ರಕ್ಕೆ ಹೋಗುವುದು ದೊಡ್ಡದು.

ಎರಡು ವರ್ಷದ ಹಿಂದಿನ ಮಾತು. ಅವಸರದಲ್ಲಿ ಬ್ಯಾಗ್ ಸಿಕ್ಕಿಸಿ ಹೊರಟೆ, ಮಡಿಕೆಯ ಜಿಪ್ ಪೂರ್ತಿ ಎಳೆದಿರಲಿಲ್ಲ. ಎಡ ಪಟ್ಟಿಯ ತುದಿ ಒಂದು ಗೇಣು ಇಳಿಬಿದ್ದಿತ್ತು. ಮೊದಲು ಟಪ್ ಟಪ್ ಟಪ್ ಅಂತ ಕಡ್ಡಿಗೆ ಬಡಿಯುವ ಸದ್ದು. ಎಲೆಯೋ ಏನೋ ಸಿಕ್ಕಿರಬೇಕು ಅಂದುಕೊಂಡೆ. ಮುಂದಿನ ಕ್ಷಣ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಸೈಕಲ್ ನಿಂತಿತು. ಇಳಿದು ನೋಡಿದರೆ ಪಟ್ಟಿ ಚಕ್ರದ ನಡುವಿನ ಹಬ್‌ಗೆ ಮೂರು ಸುತ್ತು ಸುತ್ತಿಕೊಂಡಿದೆ, ಎರಡು ಕಡ್ಡಿ ಬಿಲ್ಲಿನ ಹಾಗೆ ಬಾಗಿವೆ. ನಿಧಾನವಾಗಿ ಹೋಗುತ್ತಿದ್ದೆ, ಹಿಂದೆ ಗಾಡಿ ಇರಲಿಲ್ಲ. ಅಷ್ಟಕ್ಕೇ ಮುಗಿಯಿತು.

ಅವತ್ತಿನಿಂದ ಸಿಕ್ಕಿಸಿದ ಮೇಲೆ ಬ್ಯಾಗಿನ ಕೆಳಗೆ ಒಂದು ಸಲ ಕೈಯಾಡಿಸದೆ ಹೊರಡುವುದಿಲ್ಲ. ಎದೆಗೆ ಕಟ್ಟುವ ಸಣ್ಣ ಬಕಲ್ ಕೂಡ ಹಾಕಿಟ್ಟೇ ಹೊರಡುತ್ತೇನೆ. ಆ ಬಕಲ್ ಜೋತು ಬಿದ್ದಿರುವುದು ಎಷ್ಟೋ ಸಲ ಕಣ್ಣಿಗೆ ಬೀಳುವುದೇ ಇಲ್ಲ.

ಬೆಳಗಿನಸವಾರಿ

ಓದಿ ಮೈ ಜುಮ್ಮೆಂದಿತು. ನಾಳೆಯಿಂದಲೇ ನಾನೂ ಕೈಯಾಡಿಸುತ್ತೇನೆ.

ಹಳೇಸೈಕಲ್

ಎಲ್ಲರೂ ಬ್ಯಾಗಿನ ಮಾತೇ ಆಡುತ್ತಿದ್ದೀರಿ. ಕ್ಯಾರಿಯರ್ ಕಡೆ ಯಾರೂ ನೋಡಲಿಲ್ಲ ಅಲ್ವಾ?

ಎರಡುಗಾಲಿ, ನಿಮ್ಮ ಕ್ಯಾರಿಯರ್‌ನ ಮೇಲಿನ ಸಲಾಕೆ ಎಷ್ಟು ದಪ್ಪ ಅಂತ ಮೊದಲು ಅಳೆಯಿರಿ. ಸಾಮಾನ್ಯವಾಗಿ 8, 10, 12 ಅಥವಾ 16 ಮಿಲಿಮೀಟರ್ ಇರುತ್ತದೆ. ತೆಳು ಸಲಾಕೆಗೆ ದೊಡ್ಡ ಹುಕ್ ಹಾಕಿದರೆ ಪ್ರತಿ ಗುಂಡಿಗೂ ಕಟಕಟ ಅನ್ನುತ್ತದೆ, ವರ್ಷದೊಳಗೆ ಹುಕ್ ಸವೆಯುತ್ತದೆ. ದಪ್ಪ ಸಲಾಕೆಗೆ ಸಣ್ಣ ಹುಕ್ ಹತ್ತುವುದೇ ಇಲ್ಲ. ಬ್ಯಾಟರಿ ಸೈಕಲ್‌ಗಳ ಕ್ಯಾರಿಯರ್ ಕೆಲವು ತುಂಬಾ ದಪ್ಪ ಇರುತ್ತವೆ, ಅವರು ಇನ್ನೂ ಹುಷಾರಾಗಿರಬೇಕು.

ಎರಡನೆಯದು, ಎಷ್ಟು ಭಾರ ಹೊರುತ್ತದೆ ಅಂತ ಕ್ಯಾರಿಯರ್ ಮೇಲೆ ಒತ್ತಿರುತ್ತಾರೆ. 18, 25, 27 ಕೆಜಿ ಅಂತೆಲ್ಲ. ಅದರ ಪರೀಕ್ಷೆಗೆ ಐಎಸ್ಒ 11243 ಅನ್ನುವ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಆ ಅಂಕಿ ಒಟ್ಟು ಭಾರಕ್ಕೆ. ಎರಡು ಪಕ್ಕ, ಮೇಲೆ ಕಟ್ಟಿದ್ದು, ಬ್ಯಾಗಿನ ಸ್ವಂತ ತೂಕ, ಎಲ್ಲ ಸೇರಿ.

ಮೂರನೆಯದು ಕೆಳಗಿನ ಹುಕ್. ಮೇಲಿನ ಎರಡು ಹುಕ್ ಭಾರ ಹೊರುತ್ತವೆ. ಕೆಳಗಿನ ಒಂದು ಬ್ಯಾಗ್ ತೂಗಾಡದ ಹಾಗೆ ಕ್ಯಾರಿಯರ್‌ನ ಕಾಲಿಗೆ ಹಿಡಿದಿಡುತ್ತದೆ. ಬರೀ ಎಲಾಸ್ಟಿಕ್ ದಾರದ ಹುಕ್ ಇದ್ದರೆ ಬಿಡಿ. ದೊಡ್ಡ ಗುಂಡಿಗೆ ಬಿದ್ದಾಗ ಎಲಾಸ್ಟಿಕ್ ಹಿಗ್ಗಿ ಬ್ಯಾಗ್ ಮೇಲಕ್ಕೆ ಹಾರುತ್ತದೆ. ಮೇಲಿನ ಹುಕ್‌ಗೆ ತಾನೇ ಬೀಗವಾಗುವ ನಾಲಿಗೆ ಇರಬೇಕು, ಹಿಡಿಕೆ ಎಳೆದಾಗ ಮಾತ್ರ ಅದು ಬಿಡಬೇಕು.

ಎರಡುಗಾಲಿ

ಇಷ್ಟು ಬೇಗ ಇಷ್ಟೊಂದು ಉತ್ತರ! ತುಂಬಾ ಥ್ಯಾಂಕ್ಸ್. ಈಗಲೇ ಹೋಗಿ ಅಳೆದು ಬಂದೆ. ಸಲಾಕೆ 10 ಮಿಲಿಮೀಟರ್, ಮೇಲೆ 25 ಕೆಜಿ ಅಂತ ಒತ್ತಿದ್ದಾರೆ. ಡಿಸ್ಕ್ ಬ್ರೇಕ್ ಇದೆ, ಅದರ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಎಡಗಡೆ ಕ್ಯಾರಿಯರ್‌ನ ಕಾಲಿನ ಹತ್ತಿರವೇ ಬರುತ್ತದೆ. ಕೆಳ ಹುಕ್‌ಗೆ ತೊಂದರೆ ಆಗುತ್ತದಾ?

ಹಳೇಸೈಕಲ್

10 ಅಂದ್ರೆ ಚಿಂತೆ ಇಲ್ಲ, ಬಹಳ ಹುಕ್‌ಗಳು ಅದಕ್ಕೆ ಹೊಂದುತ್ತವೆ. ಕೆಳ ಹುಕ್ ಹಿಂದೆ ಮುಂದೆ ಸರಿಯುವಂಥದ್ದು ತಗೊಳ್ಳಿ. ಕ್ಯಾಲಿಪರ್ ಮೇಲುಗಡೆಯ ಸಲಾಕೆಗೆ ಹಿಡಿಸಬಹುದು.

ಉದ್ದಕಾಲು

ಹಿಮ್ಮಡಿ ವಿಷಯ ನನ್ನನ್ನು ಕೇಳಿ. ನನ್ನದು 46ರ ಪಾದ. ಒಂದು ಬ್ಯಾಗ್ ವಾಪಸ್ ಕೊಟ್ಟು, ಒಂದನ್ನು ಮಾರಿ ಕಲಿತಿದ್ದೇನೆ.

ಪೆಡಲ್‌ಗಳ ಕೈ ತಿರುಗುವ ನಡು ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿನವರೆಗಿನ ದೂರ ಎಷ್ಟು ಅನ್ನುವುದರ ಮೇಲೆ ಎಲ್ಲ ನಿಂತಿದೆ. ರೇಸಿಂಗ್ ಥರದ ಸೈಕಲ್‌ಗಳಲ್ಲಿ ಅದು 41-42 ಸೆಂಟಿಮೀಟರ್ ಇರುತ್ತದೆ. ದೂರ ಪ್ರಯಾಣದ ಸೈಕಲ್‌ಗಳಲ್ಲಿ 44-46. ಆ ಮೂರು ನಾಲ್ಕು ಸೆಂಟಿಮೀಟರಿನಲ್ಲೇ ಹಿಮ್ಮಡಿ ತಾಗುವುದು ತಪ್ಪುವುದು ತೀರ್ಮಾನವಾಗುತ್ತದೆ.

ಕೊಳ್ಳುವ ಮುಂಚೆ ಹೀಗೆ ಮಾಡಿ. ಬ್ಯಾಗಿನ ಅಳತೆಗೆ ಒಂದು ರಟ್ಟು ಕತ್ತರಿಸಿ. ಅಗಲ, ಎತ್ತರ ಎರಡೂ ಸರಿ ಇರಲಿ. ಅದನ್ನು ಕ್ಯಾರಿಯರ್ ಪಕ್ಕಕ್ಕೆ ದಾರದಲ್ಲಿ ಕಟ್ಟಿ. ದಿನಾ ಹಾಕುವ ಶೂ ಹಾಕಿಕೊಂಡು ಸೀಟಿನ ಮೇಲೆ ಕೂತು ಪೆಡಲನ್ನು ಹಿಂದಕ್ಕೆ ತಿರುಗಿಸಿ. ಕಾಲು ಹೇಗೆ ಇಡುತ್ತೀರೋ ಹಾಗೇ ಇಡಿ, ಬೇಕಂತಲೇ ಒಳಗೆ ಎಳೆಯಬೇಡಿ. ರಟ್ಟಿಗೆ ಹಿಮ್ಮಡಿ ತಾಗಿದರೆ ಆ ಬ್ಯಾಗ್ ನಿಮಗಲ್ಲ.

ಬ್ಯಾಕ್‌ಪ್ಯಾಕ್ ಜಾತಿಯವು ಕೆಳಗೂ ಮೇಲಿನಷ್ಟೇ ಅಗಲ ಇರುತ್ತವೆ, ಅವೇ ಜಾಸ್ತಿ ತಾಗುವುದು. ಪ್ಯಾನಿಯರ್ ಜಾತಿಯವು ಕೆಳಗೆ ಕಿರಿದಾಗುತ್ತಾ ಹೋಗುತ್ತವೆ. ಹುಕ್‌ಗಳನ್ನು ಸಡಿಲಿಸಿ ಪಕ್ಕಕ್ಕೆ ಸರಿಸಲು ಬರುವ ಹಾಗಿದ್ದರೆ ಇನ್ನೂ ಒಳ್ಳೆಯದು. ಇಡೀ ಬ್ಯಾಗನ್ನು ಎರಡು ಮೂರು ಸೆಂಟಿಮೀಟರ್ ಹಿಂದಕ್ಕೆ ತಳ್ಳಬಹುದು.

ಇಳಿಜಾರು

ಒಂದು ಬ್ಯಾಗಿಗೆ ರಟ್ಟು, ದಾರ, ಅಳತೆ ಪಟ್ಟಿ. ಇಷ್ಟೆಲ್ಲ ಬೇಕಾ?

ಉದ್ದಕಾಲು

ಬೇಕು. ಪ್ರತಿ ಸುತ್ತಿಗೂ ಹಿಮ್ಮಡಿ ಬಡಿಯುವ ಬ್ಯಾಗ್ ಇಟ್ಟುಕೊಂಡು 9 ಕಿಲೋಮೀಟರ್ ಹೋಗಿ ನೋಡಿದವರಿಗೆ ಗೊತ್ತು. ರಟ್ಟು ಕತ್ತರಿಸಲು ಹತ್ತು ನಿಮಿಷ ಸಾಕು.

ಗಾಳಿಎದುರು

ಒಂದೇ ಬ್ಯಾಗ್ ಅಂದ್ರೆ ಯಾವ ಪಕ್ಕ ಹಾಕಬೇಕು? ಒಂದೇ ಕಡೆ 6 ಕೆಜಿ ಇದ್ದರೆ ಸೈಕಲ್ ಎಳೆಯಲ್ವಾ?

ನಿಧಾನಸವಾರ

ಓಡುವಾಗ ಗೊತ್ತೇ ಆಗುವುದಿಲ್ಲ. ಮೈ ತಾನಾಗಿಯೇ ಸ್ವಲ್ಪ ಹೊಂದಿಕೊಳ್ಳುತ್ತದೆ. ಗೊತ್ತಾಗುವುದು ಎರಡೇ ಸಂದರ್ಭದಲ್ಲಿ: ಇಳಿದು ತಳ್ಳಿಕೊಂಡು ಹೋಗುವಾಗ, ಏರಿನಲ್ಲಿ ಎದ್ದು ನಿಂತು ತುಳಿಯುವಾಗ. ನಾನು ಚೈನ್ ಇಲ್ಲದ ಎಡಗಡೆ ಹಾಕುತ್ತೇನೆ. ಸೈಕಲ್ಲಿನ ಎಡಕ್ಕೆ ನಿಂತು ಇಳಿಸುವುದು ಅಭ್ಯಾಸ, ಪ್ಯಾಂಟಿಗೆ ಗ್ರೀಸ್ ಹತ್ತುವುದಿಲ್ಲ.

ಹಳೇಸೈಕಲ್

ನಾನು ಒಪ್ಪುವುದಿಲ್ಲ. ಪಕ್ಕದ ಸ್ಟ್ಯಾಂಡ್ ಬಹುತೇಕ ಸೈಕಲ್‌ಗಳಲ್ಲಿ ಎಡಕ್ಕೇ ಇರುತ್ತದೆ. ಸೈಕಲ್ ಎಡಕ್ಕೆ ವಾಲಿ ನಿಂತಿರುತ್ತದೆ. ಅದೇ ಕಡೆ 6 ಕೆಜಿ ನೇತುಹಾಕಿದರೆ ಸ್ಟ್ಯಾಂಡ್ ಮೇಲೆ ಮಗುಚುತ್ತದೆ. ಬಲಕ್ಕೆ ಹಾಕಿದರೆ ಭಾರ ಸೈಕಲ್ಲನ್ನು ನೆಟ್ಟಗೆ ಮಾಡುತ್ತದೆ. ಇದು ಬರೀ ಅಭ್ಯಾಸದ ಮಾತಲ್ಲ, ಭಾರ ಎತ್ತ ಬೀಳುತ್ತದೆ ಅನ್ನುವ ಮಾತು.

ನಿಧಾನಸವಾರ

ಸ್ಟ್ಯಾಂಡ್ ಹಾಕಿ ಬ್ಯಾಗ್ ಅಲ್ಲೇ ಬಿಟ್ಟು ಹೋಗುವವರಿಗೆ ನಿಮ್ಮ ಮಾತು ಸರಿ. ಈ ಬ್ಯಾಗ್ ತಗೊಳ್ಳುವುದೇ ಜೊತೆಯಲ್ಲಿ ಒಯ್ಯಲು. ಒಂದು ಎಳೆತಕ್ಕೆ ಬಿಡಿಸಿಕೊಳ್ಳುವ ಬ್ಯಾಗನ್ನು ಬೇರೆಯವರೂ ಒಂದು ಎಳೆತಕ್ಕೆ ಬಿಡಿಸಿಕೊಳ್ಳಬಹುದು. ಬಿಟ್ಟು ಹೋಗಲೇಬಾರದು.

ಹಳೇಸೈಕಲ್

ಬಿಟ್ಟು ಹೋಗಬಾರದು ಅನ್ನುವುದು ಒಪ್ಪಿದೆ. ಮನೆ ಮುಂದೆ ಬಾಗಿಲು ತೆಗೆಯುವ ಅರ್ಧ ನಿಮಿಷದಲ್ಲಿ ಬಿದ್ದ ಸೈಕಲ್‌ಗಳನ್ನು ಬಹಳ ನೋಡಿದ್ದೇನೆ, ಅದಕ್ಕೇ ಹೇಳಿದೆ. ಎಡಕ್ಕೇ ಹಾಕುವವರು ಚಕ್ರದ ಎರಡೂ ಬದಿ ಕಾಲೂರುವ ಜೋಡಿ ಸ್ಟ್ಯಾಂಡ್ ಹಾಕಿಸಿಕೊಳ್ಳಿ.

ಪುಟ್ಟಚೀಲ

ಲೀಟರ್ ವಿಷಯಕ್ಕೆ ಉತ್ತರ ಬಂದಿಲ್ಲ. ಬರೀ ಆಫೀಸಿಗಾದರೆ 20 ಸಾಕು. ಆದರೆ ಅಕ್ಕನೋ ಅಣ್ಣನೋ ಗೊತ್ತಿಲ್ಲ, ನೀವು ಬರುವಾಗ ತರಕಾರಿ ಬೇರೆ ತರುತ್ತೀರಿ. ಹಾಗಾಗಿ ಬಾಯಿ ಸುರುಳಿ ಸುತ್ತುವ ಥರದ್ದು ನೋಡಿ. ಬೆಳಿಗ್ಗೆ ನಾಲ್ಕು ಸುತ್ತು ಸುತ್ತಿದರೆ ಚಿಕ್ಕದು. ಸಂಜೆ ಮೂರೇ ಸುತ್ತು ಸುತ್ತಿದರೆ ಮೇಲೆ ಸೊಪ್ಪಿನ ಕಟ್ಟಿಗೆ ಜಾಗ. ಜಿಪ್ ಇರುವ ಬ್ಯಾಗ್ ಹೀಗೆ ಬಗ್ಗುವುದಿಲ್ಲ. 22ರಿಂದ 25 ಲೀಟರ್ ನನ್ನ ಲೆಕ್ಕ. ಅದಕ್ಕಿಂತ ದೊಡ್ಡದು ಬೆನ್ನ ಮೇಲೆ ಪಕ್ಕಕ್ಕೆ ಚಾಚಿಕೊಂಡು ಬಾಗಿಲಿಗೆಲ್ಲ ತಾಗುತ್ತದೆ.

ಎರಡುಗಾಲಿ

ಅಕ್ಕ :) ಸುರುಳಿ ಬಾಯಿಯಲ್ಲಿ ಪದೇ ಪದೇ ಪರ್ಸ್ ತೆಗೆಯುವುದು ಕಷ್ಟ ಅಲ್ವಾ?

ಪುಟ್ಟಚೀಲ

ಕಷ್ಟವೇ ಅಕ್ಕ. ಹೊರಗಡೆ ಒಂದು ಜಿಪ್ ಜೇಬು ಇರಲೇಬೇಕು. ಕೀ, ಪರ್ಸ್, ಫೋನ್ ಅಲ್ಲಿಗೆ.

ಸೂಜಿದಾರ

ನಾನು ಬ್ಯಾಗ್ ರಿಪೇರಿ ಮಾಡುವವನು. ಮಳೆ ವಿಷಯ ನಾನು ಹೇಳುತ್ತೇನೆ, ಯಾಕಂದ್ರೆ ಈ ಮಾತಿನಲ್ಲಿ ಜನ ಮೋಸ ಹೋಗುವುದು ಜಾಸ್ತಿ.

ಬಟ್ಟೆ ನೀರು ತಡೆಯುವುದು ಬೇರೆ, ಬ್ಯಾಗ್ ನೀರು ತಡೆಯುವುದು ಬೇರೆ. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಹೊಲಿಗೆ ಹಾಕಿದ ಕಡೆಯೆಲ್ಲ ಸೂಜಿ ತೂತು ಇರುತ್ತದೆ. ಆ ತೂತಿನ ಮೇಲೆ ಒಳಗಿನಿಂದ ಟೇಪ್ ಅಂಟಿಸಿದ್ದರೆ ಸ್ವಲ್ಪ ವರ್ಷ ತಡೆಯುತ್ತದೆ. ಹೊಲಿಗೆಯೇ ಇಲ್ಲದೆ ಬಿಸಿಯಲ್ಲಿ ಬೆಸೆದಿದ್ದರೆ ನಿಜವಾಗಿ ತಡೆಯುತ್ತದೆ. ಲಾರಿಗೆ ಹೊದಿಸುವ ಟಾರ್ಪಾಲಿನಿಂದ ಬ್ಯಾಗ್ ಮಾಡಿ ಜರ್ಮನಿಯಲ್ಲಿ 1982ರಲ್ಲಿ ಓರ್ಟ್‌ಲೀಬ್ ಕಂಪನಿ ಶುರುವಾಗಿದ್ದು ಇದೇ ಯೋಚನೆಯ ಮೇಲೆ. ಮಳೆಯಲ್ಲಿ ಲಾರಿಯ ಸರಕು ಒಣಗಿಯೇ ಇರುತ್ತದೆ, ಬ್ಯಾಗ್ ಯಾಕೆ ಹಾಗಿರಬಾರದು ಅಂತ.

ಧೂಳು, ನೀರು ಎಷ್ಟು ತಡೆಯುತ್ತದೆ ಅಂತ ತೋರಿಸಲು ಐಪಿ ಅಂತ ಬರೆದು ಪಕ್ಕದಲ್ಲಿ ಎರಡು ಅಂಕಿ ಕೊಟ್ಟಿರುತ್ತಾರೆ. ಎರಡನೇ ಅಂಕಿ ನೀರಿನದ್ದು. 4 ಅಂದ್ರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ. 6 ಅಂದ್ರೆ ಜೋರಾಗಿ ನೀರು ಹಾಯಿಸಿದರೂ ತಡೆಯುತ್ತದೆ. 7 ಅಂದ್ರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿಸಿದರೂ ತಡೆಯುತ್ತದೆ. ದಿನಾ ಓಡಾಡುವವರಿಗೆ 4 ಸಾಕು, ಬಾಯಿ ಸರಿಯಾಗಿ ಸುತ್ತಿದರೆ. ಒಂದೇ ಸುತ್ತು ಸುತ್ತಿ ಬಕಲ್ ಹಾಕಿ, ನೀರು ಬಂತು ಅಂತ ಬರುವವರೇ ಜಾಸ್ತಿ. ಮೂರು ಸುತ್ತು ಬೇಕು.

ಇನ್ನೊಂದು. ಅಗ್ಗದ ನೈಲಾನ್ ಬ್ಯಾಗಿನ ಒಳಮೈಗೆ ತೆಳುವಾದ ಪಾಲಿಯುರಿಥೇನ್ ಲೇಪ ಇರುತ್ತದೆ. ತೇವ ಮತ್ತು ಸೆಕೆಯಲ್ಲಿ ಕೆಲವು ವರ್ಷಕ್ಕೆ ಅದು ಅಂಟಂಟಾಗಿ, ಆಮೇಲೆ ಹೊಟ್ಟಿನ ಹಾಗೆ ಉದುರುತ್ತದೆ. ನನ್ನ ಹತ್ತಿರ ಬರುವ ಬ್ಯಾಗ್‌ಗಳಲ್ಲಿ ಕೈ ಹಾಕಿದರೆ ಬಿಳಿ ಹಕ್ಕಳೆ ಉಗುರಿನ ಸಂದಿಗೆಲ್ಲ ಬರುತ್ತದೆ. ಅದಕ್ಕೆ ರಿಪೇರಿ ಇಲ್ಲ. ಒದ್ದೆ ಬ್ಯಾಗನ್ನು ಮಡಚಿ ಮೂಲೆಗೆ ಎಸೆಯಬೇಡಿ. ಬಾಯಿ ತೆರೆದು, ತಲೆಕೆಳಗಾಗಿ, ನೆರಳಲ್ಲಿ ಒಣಗಿಸಿ.

ಮಳೆಹನಿ

@ಸೂಜಿದಾರ, ಹುಕ್ ಬಿಗಿದ ಜಾಗ? ಅಲ್ಲೂ ತೂತು ಇರುತ್ತದಲ್ಲ?

ಸೂಜಿದಾರ

ಒಳ್ಳೆ ಪ್ರಶ್ನೆ. ಇರುತ್ತದೆ. ಸ್ಕ್ರೂ ಅಡಿಯಲ್ಲಿ ರಬ್ಬರ್ ವಾಷರ್ ಇದೆಯಾ ಅಂತ ನೋಡಿ. ಒಳಗಡೆ ಗಟ್ಟಿ ಹಲಗೆ ಇದೆಯಾ ಅಂತಲೂ ನೋಡಿ. ಬರೀ ಬಟ್ಟೆಗೆ ಹುಕ್ ಬಿಗಿದಿದ್ದರೆ ಭಾರಕ್ಕೆ ಆ ಬಟ್ಟೆ ಹರಿಯುತ್ತದೆ. ಸ್ಕ್ರೂ ಬಿಚ್ಚಲು ಬರುವ ಹುಕ್ ತಗೊಳ್ಳಿ. ರಿವೆಟ್ ಹೊಡೆದಿದ್ದರೆ ಹುಕ್ ಮುರಿದ ದಿನವೇ ಬ್ಯಾಗೂ ಹೋಯಿತು.

ಬೆಳಗಿನಸವಾರಿ

ಲ್ಯಾಪ್‌ಟಾಪ್ ಬಗ್ಗೆ ಒಂದು ಮಾತು. ಬೆನ್ನ ಮೇಲಿದ್ದಾಗ ನಮ್ಮ ಮೈ ಏಟು ನುಂಗುತ್ತದೆ. ಕ್ಯಾರಿಯರ್ ಮೇಲೆ ಹಾಗಲ್ಲ, ಗುಂಡಿಯ ಏಟು ನೇರ ಬ್ಯಾಗಿಗೆ. ಅದಕ್ಕಿಂತ ಕೆಟ್ಟದ್ದು ಬ್ಯಾಗನ್ನು ನೆಲಕ್ಕೆ ಇಡುವಾಗ ಬೀಳುವ ಏಟು. ನನ್ನ ಲ್ಯಾಪ್‌ಟಾಪಿನ ಒಂದು ಮೂಲೆ ಹಾಗೇ ಜಜ್ಜಿಹೋಯಿತು. ಒಳಗಿನ ಲ್ಯಾಪ್‌ಟಾಪ್ ಜೇಬು ಬ್ಯಾಗಿನ ತಳಕ್ಕೆ ತಾಗದೆ ಎರಡು ಬೆರಳಷ್ಟು ಮೇಲೆ ತೂಗುವ ಹಾಗಿರಬೇಕು. ಇಲ್ಲದಿದ್ದರೆ ಬಟ್ಟೆಯನ್ನು ಮಡಚಿ ತಳಕ್ಕೆ ಹಾಕಿ, ಮೇಲೆ ಲ್ಯಾಪ್‌ಟಾಪ್ ಇಡಿ.

ಕಡ್ಡಿಎಣಿಕೆ

ಊಟದ ಡಬ್ಬಿ ನೆಟ್ಟಗೆ ನಿಲ್ಲುತ್ತದಾ ಅಂತಲೂ ನೋಡಿಕೊಳ್ಳಿ. ಬ್ಯಾಗ್ ಕ್ಯಾರಿಯರ್ ಮೇಲೆ ಓರೆಯಾಗಿ ಕೂರುವ ಹಾಗಿದ್ದರೆ ಸಾರು ಲ್ಯಾಪ್‌ಟಾಪ್ ಕಡೆ ಹರಿಯುತ್ತದೆ.

ಪದಪ್ರೀತಿ

ಸ್ವಲ್ಪ ದಾರಿ ತಪ್ಪುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪ್ಯಾನಿಯರ್‌ಗೆ ನಮ್ಮ ಭಾಷೆಯಲ್ಲಿ ಏನನ್ನಬಹುದು? ಮೂಲದಲ್ಲಿ ಅದು ರೊಟ್ಟಿ ತುಂಬುವ ಬುಟ್ಟಿ. ಲ್ಯಾಟಿನ್‌ನಿಂದ ಫ್ರೆಂಚ್ ಮೂಲಕ ಬಂದ ಪದ. ಆಮೇಲೆ ಕತ್ತೆ ಕುದುರೆಗಳ ಎರಡು ಪಕ್ಕ ಕಟ್ಟುವ ಬುಟ್ಟಿಗೂ ಅದೇ ಹೆಸರಾಯಿತು. ನಮ್ಮಲ್ಲಿ ಎತ್ತಿನ ಬೆನ್ನ ಮೇಲೆ ಹೊರಿಸುವ ಭಾರಕ್ಕೆ ಹೇರು ಅನ್ನುತ್ತೇವೆ. ಹೇರುಚೀಲ ಅಂದರೆ ಹೇಗೆ?

ಗಾಳಿಎದುರು

ಹೇರುಚೀಲ ಚೆನ್ನಾಗಿದೆ! ಪಕ್ಕಚೀಲ ಅಂದರೂ ನಡೆಯುತ್ತದೆ.

ಹಳೇಸೈಕಲ್

ಅಂಗಡಿಯಲ್ಲಿ ಹೇರುಚೀಲ ಕೊಡಿ ಅಂದರೆ ಯಾರಿಗೂ ಅರ್ಥವಾಗಲ್ಲ. ಪ್ಯಾನಿಯರ್ ಅಂತಲೇ ಇರಲಿ.

ಪದಪ್ರೀತಿ

ಸೈಕಲ್, ಪೆಡಲ್ ಕೂಡ ಹೊರಗಿನಿಂದ ಬಂದವೇ, ಒಪ್ಪಿದೆ. ಆದರೆ ಹೇಳುತ್ತಾ ಹೋದರೆ ತಾನೇ ಅರ್ಥವಾಗುವುದು?

ತಂತಿಬುಟ್ಟಿ

ಇನ್ನೊಂದು ದಾರಿ ಇದೆ, ಯಾರೂ ಹೇಳಲಿಲ್ಲ. ಬ್ಯಾಗ್ ಬದಲಿಸಬೇಡಿ, ಬುಟ್ಟಿ ಹಾಕಿಸಿ. ಕ್ಯಾರಿಯರ್ ಪಕ್ಕಕ್ಕೆ ಮಡಚುವ ತಂತಿ ಬುಟ್ಟಿ ಸಿಗುತ್ತದೆ. ಅಮೆರಿಕದ ವಾಲ್ಡ್ ಕಂಪನಿ, 1905ರಿಂದ ಇರುವ ಕಂಪನಿ, ಇಂಥ ಬುಟ್ಟಿಗಳಿಗೇ ಹೆಸರಾದದ್ದು. ನಿಮ್ಮ ಈಗಿನ ಬ್ಯಾಕ್‌ಪ್ಯಾಕನ್ನೇ ಅದರೊಳಗೆ ಇಳಿಸಿ, ಮೇಲೆ ಒಂದು ಎಲಾಸ್ಟಿಕ್ ಹಗ್ಗ. ಇಳಿದ ಮೇಲೆ ಎತ್ತಿ ಬೆನ್ನಿಗೆ. ಹುಕ್ ಇಲ್ಲ, ಚುಚ್ಚುವುದಿಲ್ಲ, ಹಳೆ ಬ್ಯಾಗಿನ ಪಟ್ಟಿಗೆ ನಿಮ್ಮ ಭುಜ ಆಗಲೇ ಒಗ್ಗಿದೆ. ಅಂಗಡಿ ಸಾಮಾನು ನೇರ ಬುಟ್ಟಿಗೆ.

ಇಳಿಜಾರು

ಇದು ನನ್ನ ಮಾತಿಗಿಂತಲೂ ಒಳ್ಳೆಯ ಮಾತು.

ಮಳೆಹನಿ

ಬುಟ್ಟಿ ನನಗೂ ಇಷ್ಟ. ಆದರೆ ಬ್ಯಾಗ್ ಇರಲಿ ಇಲ್ಲದಿರಲಿ ಕಬ್ಬಿಣದ ಭಾರ ಸೈಕಲ್ ಮೇಲೆ ಇದ್ದೇ ಇರುತ್ತದೆ. ಇಕ್ಕಟ್ಟಾದ ಸ್ಟ್ಯಾಂಡಿನಲ್ಲಿ ಪಕ್ಕದ ಸೈಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಮಳೆ ಬಂದರೆ ಬ್ಯಾಕ್‌ಪ್ಯಾಕ್ ನೆನೆಯುತ್ತದೆ, ಹೊದಿಕೆ ಬೇರೆ ಬೇಕು. ಕಡಿಮೆ ಮಳೆಯ ಕಡೆ ಇರುವವರಿಗೆ ಮಾತ್ರ ನಾನು ಬುಟ್ಟಿ ಹೇಳುತ್ತೇನೆ.

ತಂತಿಬುಟ್ಟಿ

ಒಂದು ರೇನ್ ಕವರ್ ಹಾಕಿದರೆ ಆಯಿತು. ಹದಿನೈದು ವರ್ಷದಿಂದ ಅದೇ ಬುಟ್ಟಿ. ಈ ಅವಧಿಯಲ್ಲಿ ನೀವು ಎಷ್ಟು ಬ್ಯಾಗ್ ಬದಲಿಸಿದ್ದೀರಿ?

ಮಳೆಹನಿ

ಮೂರು. ಆ ಲೆಕ್ಕದಲ್ಲಿ ನೀವೇ ಗೆದ್ದಿರಿ.

ಗಾಳಿಎದುರು

ನನ್ನ ಹಳೆ ಬ್ಯಾಕ್‌ಪ್ಯಾಕ್‌ಗೇ ಹುಕ್ ಹಾಕಿಕೊಂಡರೆ? ಹುಕ್ ಸೆಟ್ ಬಿಡಿಯಾಗಿ ಸಿಗುತ್ತದಲ್ಲ.

ಸೂಜಿದಾರ

ಆಗುತ್ತದೆ, ಆದರೆ ಬಟ್ಟೆಯ ಹಿಂದೆ ಗಟ್ಟಿ ಪ್ಲಾಸ್ಟಿಕ್ ಹಲಗೆ ಕೂರಿಸಲೇಬೇಕು. ಬ್ಯಾಗಿನ ಪೂರ್ತಿ ಎತ್ತರಕ್ಕೆ. ಹಲಗೆ ಇಲ್ಲದಿದ್ದರೆ ಬ್ಯಾಗಿನ ಹೊಟ್ಟೆ ಒಳಕ್ಕೆ ಬಾಗಿ ಕಡ್ಡಿಗೆ ತಾಗುತ್ತದೆ. ಕಡ್ಡಿಎಣಿಕೆ ಅವರು ಬರೆದದ್ದನ್ನು ಇನ್ನೊಮ್ಮೆ ಓದಿ. ಹೊಲಿಗೆ ಬಲ್ಲವರ ಹತ್ತಿರ ಮಾಡಿಸಿ.

ಉದ್ದಕಾಲು

ತೂಕದ ಬಗ್ಗೆ ಯಾರೂ ಮಾತಾಡಲಿಲ್ಲ. ಓರ್ಟ್‌ಲೀಬ್ ಬ್ಯಾಕ್‌ರೋಲರ್ ಕ್ಲಾಸಿಕ್ ಅನ್ನುವ ಮಾಮೂಲಿ ಪ್ಯಾನಿಯರ್ ಜೋಡಿ ಸುಮಾರು 1.9 ಕೆಜಿ, ಅಂದ್ರೆ ಒಂದಕ್ಕೆ 1 ಕೆಜಿಯೂ ಇಲ್ಲ. ಎರಡೂ ಕೆಲಸದ ಬ್ಯಾಗ್‌ಗಳು ಪಟ್ಟಿ, ಮೆತ್ತೆ, ಹೊದಿಕೆ ಎಲ್ಲ ಸೇರಿ ಅದಕ್ಕಿಂತ ಜಾಸ್ತಿಯೇ ತೂಗುತ್ತವೆ. ನಾಲ್ಕು ಮಹಡಿ ಹತ್ತುವ ಅಕ್ಕನಿಗೆ ಇದು ಮುಖ್ಯ.

ಎರಡುಗಾಲಿ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತು ಇಟ್ಟುಕೊಂಡೇ ಅಂಗಡಿಗೆ ಹೋದೆ.

ರಟ್ಟು ಕತ್ತರಿಸಿ ನೋಡಿದೆ. ಮೊದಲು ಮನಸ್ಸಿನಲ್ಲಿದ್ದ ಬ್ಯಾಗಿನ ಅಳತೆಗೆ ಹಿಮ್ಮಡಿ ಸರಿಯಾಗಿ ತಾಗಿತು. ಉದ್ದಕಾಲು ಅವರಿಗೆ ನಾನು ಋಣಿ, ಇಲ್ಲದಿದ್ದರೆ ಅದನ್ನೇ ತಂದಿರುತ್ತಿದ್ದೆ. ಕೊನೆಗೆ ಕೆಳಗೆ ಕಿರಿದಾಗುವ, ಸುರುಳಿ ಬಾಯಿಯ, 23 ಲೀಟರಿನ ಬ್ಯಾಗ್ ತಗೊಂಡೆ. ಪಟ್ಟಿ ಹುಕ್ ಒಂದೇ ಮೈಗೆ, ದಪ್ಪ ಮಡಿಕೆ ಇದೆ. ಹೆಬ್ಬೆರಳು ಒತ್ತಿ ನೋಡಿದೆ. ಹುಕ್‌ಗೆ ಸ್ಕ್ರೂ ಇದೆ, ವಾಷರೂ ಇದೆ. ತೂಕ 1.4 ಕೆಜಿ. ಅಂಗಡಿಯ ಮೆಟ್ಟಿಲನ್ನು ತುಂಬಿದ ಬ್ಯಾಗಿನ ಜೊತೆ ಆರು ಸಲ ಹತ್ತಿ ಇಳಿದೆ, ಅಂಗಡಿಯವರು ಬೇಡ ಅನ್ನಲಿಲ್ಲ.

ಅಂಗಿ ಈಗ ಒಣಗಿರುತ್ತದೆ. ಭುಜ ನೋವು ಎರಡನೇ ವಾರಕ್ಕೆ ಹೋಯಿತು. ಒಂದು ದಿನ ಜಡಿ ಮಳೆಯಲ್ಲಿ ಬಂದೆ. ಮನೆಗೆ ಬಂದು ಬಾಯಿ ಬಿಚ್ಚಿ ಒಳಗೆ ಕೈಯಾಡಿಸಿದೆ. ಪೂರ್ತಿ ಒಣ.

ಒಂದೇ ತೊಂದರೆ. ಗುಂಡಿ ಬಂದಾಗಲೆಲ್ಲ ಹುಕ್ ಕಟಕಟ ಅನ್ನುತ್ತದೆ. ಹಳೇಸೈಕಲ್ ಅವರು ಹೇಳಿದ ಸದ್ದೇ. ಸಲಾಕೆ 10 ಮಿಲಿಮೀಟರ್ ಇದೆಯಲ್ಲ, ಮತ್ತೆ ಯಾಕೆ?

ಹಳೇಸೈಕಲ್

ಹುಕ್ ಒಳಗೆ ಸಣ್ಣ ಪ್ಲಾಸ್ಟಿಕ್ ಬಿಲ್ಲೆ ಕೂರಿಸಿದ್ದೀರಾ? ಇಲ್ಲದಿದ್ದರೆ ಹುಕ್ 16ಕ್ಕೇ ಇರುತ್ತದೆ. ಬಿಲ್ಲೆಗಳನ್ನು ಸಾಮಾನ್ಯವಾಗಿ ಡಬ್ಬಿಯಲ್ಲೇ ಕೊಟ್ಟಿರುತ್ತಾರೆ.

ಎರಡುಗಾಲಿ

ಡಬ್ಬಿಯ ತಳದಲ್ಲಿ ಸಣ್ಣ ಕವರ್ ಇತ್ತು, ಅದರಲ್ಲಿ ಮೂರು ಜೊತೆ ಬಿಲ್ಲೆ. 10 ಅಂತ ಬರೆದಿದ್ದನ್ನು ಒತ್ತಿ ಕೂರಿಸಿದೆ. ಒಂದು ಸುತ್ತು ಹೋಗಿ ಬಂದೆ. ಸದ್ದು ನಿಂತಿತು.

ಇಳಿಜಾರು

ನಾನು ಈಗಲೂ ಎರಡು ಬ್ಯಾಗಿನ ಪಕ್ಷವೇ. ಆದರೆ ಆ ಮಡಿಕೆ ಹೇಗೆ ತಿರುವುತ್ತದೆ ಅಂತ ಒಂದು ಫೋಟೋ ಹಾಕಿ ಅಕ್ಕ, ನೋಡಬೇಕು.